ಜೋಡಿ ಉಪಗ್ರಹಗಳನ್ನು ಕಕ್ಷೆಯಲ್ಲಿ ಹೊಂದಿಸುವುದು ಹೇಗೆ: ಎರಡು ಬಳೆ, ಒಂದು ದಾರ, ಒಂದು ಸ್ಪ್ರೆಡ್‌ಶೀಟ್

ಬನ್ನಿಮಂಟಪದ ಪಂಜಿನ ಕವಾಯತು ಮೈದಾನದಲ್ಲಿ ದಸರಾ ಡ್ರೋನ್ ಪ್ರದರ್ಶನ ನೋಡಿದ್ದೀರಾ? ಕತ್ತಲಲ್ಲಿ ರಾಶಿ ರಾಶಿ ಡ್ರೋನ್‌ಗಳು ಮೇಲೆದ್ದು, ತಂತಮ್ಮ ಜಾಗಕ್ಕೆ ಹೋಗಿ, ಅಲ್ಲೇ ನಿಂತು ಚಿತ್ರವಾಗುತ್ತವೆ. ಮಂಡ್ಯದಲ್ಲಿ ನಾನು ಪಾಠ ಮಾಡುವ ತರಗತಿಯ ಹುಡುಗನೊಬ್ಬ ಅದನ್ನು ನೋಡಿಕೊಂಡು, ರಜೆ ಮುಗಿದ ಮೇಲೆ ಬಂದು ಕೇಳಿದ: "ಸಾರ್, ಉಪಗ್ರಹಗಳನ್ನೂ ಹಿಂಗೇ ಸಾಲಾಗಿ ನಿಲ್ಸಬೋದಲ್ವಾ?"

ನಿಲ್ಲಿಸಲು ಆಗುವುದಿಲ್ಲ. ಡ್ರೋನ್ ಗಾಳಿಯನ್ನು ಕೆಳಕ್ಕೆ ತಳ್ಳಿ ತಾನು ಮೇಲೆ ನಿಲ್ಲುತ್ತದೆ. ಉಪಗ್ರಹಕ್ಕೆ ಅಂಥ ಆಸರೆ ಇಲ್ಲ. ಅದು ಸೆಕೆಂಡಿಗೆ ಏಳೂವರೆ ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಭೂಮಿಯ ಸುತ್ತ ಬೀಳುತ್ತಲೇ ಇರುತ್ತದೆ. ಹಾಗಾಗಿ ನಮ್ಮ ಕೆಲಸ ಅವುಗಳನ್ನು ಹಿಡಿದು ನಿಲ್ಲಿಸುವುದಲ್ಲ. ಬೀಳುತ್ತಾ ಬೀಳುತ್ತಾ ತಾವಾಗಿಯೇ ಒಟ್ಟಿಗಿರುವಂತೆ ಬಿಡುವುದು. ಸರಿಯಾಗಿ ಬಿಟ್ಟರೆ ಪ್ರಕೃತಿಯೇ ಸಾಲನ್ನು ಕಾಯುತ್ತದೆ. ತಪ್ಪಾಗಿ ಬಿಟ್ಟರೆ ಇಂಧನ ಎಷ್ಟಿದ್ದರೂ ಸಾಲದು. ಆ ಬಿಡುವ ಲೆಕ್ಕವನ್ನು ಹುಡುಗನಿಗೆ ಹೇಳಿಕೊಟ್ಟ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಬೇಕಾದದ್ದು ಇಷ್ಟು: ಪಿಯುಸಿ ಮಟ್ಟದ ಭೌತಶಾಸ್ತ್ರ, ಸೈನ್–ಕಾಸ್ ಗೊತ್ತಿರಬೇಕು, ಸ್ಪ್ರೆಡ್‌ಶೀಟ್ ಇರುವ ಲ್ಯಾಪ್‌ಟಾಪ್, ಒಂದೇ ಅಳತೆಯ ಎರಡು ಬಳೆ, ದಾರ, ಸೀಮೆಸುಣ್ಣ.

ಹಂತ 1: ಯಾಕೆ ಒಟ್ಟಿಗಿರಬೇಕು ಅಂತ ಮೊದಲು ಬರೆದಿಡಿ

ಆಕಾರ ಆರಿಸುವ ಮುಂಚೆ ಕೆಲಸ ಆರಿಸಬೇಕು. ಇದನ್ನು ಬಿಟ್ಟು ಮುಂದೆ ಹೋದರೆ ಆಮೇಲೆ ಎಲ್ಲ ಅಳಿಸಿ ಬರೆಯಬೇಕಾಗುತ್ತದೆ.

2002ರಲ್ಲಿ ಹಾರಿದ ಗ್ರೇಸ್ ಎಂಬ ಉಪಗ್ರಹ ಜೋಡಿಯ ಕೆಲಸ ಭೂಮಿಯ ಸೆಳೆತವನ್ನು ಅಳೆಯುವುದಾಗಿತ್ತು. ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು, ನಡುವೆ ಸುಮಾರು 220 ಕಿ.ಮೀ. ಕೆಳಗೆ ತೂಕ ಜಾಸ್ತಿ ಇರುವ ಜಾಗ ಬಂದರೆ ಮುಂದಿನದು ಮೊದಲು ಸೆಳೆಯಲ್ಪಟ್ಟು ನಡುವಿನ ಅಂತರ ಕೂದಲೆಳೆಯಷ್ಟು ಬದಲಾಗುತ್ತದೆ. ಆ ಬದಲಾವಣೆಯಿಂದಲೇ ಉತ್ತರ ಭಾರತದ ಅಂತರ್ಜಲ ಕರಗುತ್ತಿರುವುದು ಗೊತ್ತಾಯಿತು. ಬೋರ್‌ವೆಲ್ ನಂಬಿದ ಊರಿನವರಿಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ. ಆದರೆ ಆ ಜೋಡಿಗೆ ಕಾಣುತ್ತಿದ್ದುದು ನೂರಾರು ಕಿ.ಮೀ. ಅಗಲದ ಪ್ರದೇಶ ಮಾತ್ರ. ಮದ್ದೂರು ಬೇರೆ, ಮಳವಳ್ಳಿ ಬೇರೆ ಅಂತ ಹೇಳಲು ಅದಕ್ಕೆ ಆಗುತ್ತಿರಲಿಲ್ಲ.

ಪ್ರೋಬಾ-3 ಇನ್ನೊಂದು ಬಗೆ. 2024ರ ಡಿಸೆಂಬರ್ 5ರಂದು ಶ್ರೀಹರಿಕೋಟದಿಂದ ನಮ್ಮ ಪಿಎಸ್‌ಎಲ್‌ವಿ ಹೊತ್ತೊಯ್ದ ಯುರೋಪಿನ ಜೋಡಿ ಅದು. ಒಂದರಲ್ಲಿ 1.4 ಮೀಟರ್ ಅಗಲದ ತಟ್ಟೆ. ಅದು ಸೂರ್ಯನಿಗೆ ಅಡ್ಡ ನಿಂತು, ಸುಮಾರು 150 ಮೀಟರ್ ಹಿಂದಿರುವ ಇನ್ನೊಂದರ ಕ್ಯಾಮೆರಾಕ್ಕೆ ಗ್ರಹಣ ಹಿಡಿಸುತ್ತದೆ.

ನಮ್ಮ ಮಾದರಿ ಕೆಲಸ ಇದು: ಕೆಆರ್‌ಎಸ್‌ನಿಂದ ಮಳವಳ್ಳಿಯವರೆಗೆ ಮಂಡ್ಯ ಸೀಮೆಯ ಏರುತಗ್ಗಿನ ನಕ್ಷೆಯನ್ನು ಎರಡು ರಾಡಾರ್ ಉಪಗ್ರಹಗಳಿಂದ ತೆಗೆಯುವುದು. ಎರಡು ಕಣ್ಣಿದ್ದರೆ ಆಳ ಗೊತ್ತಾಗುತ್ತದಲ್ವಾ, ಅದೇ ಉಪಾಯ. ಒಂದೇ ಉಪಗ್ರಹ ಇಂದು ಒಂದು ಚಿತ್ರ ತೆಗೆದು, ಹತ್ತು ಹನ್ನೊಂದು ದಿನ ಬಿಟ್ಟು ಇನ್ನೊಂದು ತೆಗೆದರೆ ಅಷ್ಟರಲ್ಲಿ ಕಬ್ಬು ಬೆಳೆದಿರುತ್ತದೆ, ಗದ್ದೆಗೆ ನೀರು ಕಟ್ಟಿರುತ್ತಾರೆ, ಎರಡು ಚಿತ್ರ ಹೊಂದುವುದಿಲ್ಲ. ಎರಡು ಉಪಗ್ರಹ ಒಂದೇ ಗಳಿಗೆಯಲ್ಲಿ ನೋಡಿದರೆ ಗಾಳಿಗೆ ಬಾಗಿದ ಕಬ್ಬಿನ ಗರಿಯೂ ಇಬ್ಬರಿಗೂ ಒಂದೇ ಥರ ಬಾಗಿರುತ್ತದೆ. ಜರ್ಮನಿಯ ಟ್ಯಾನ್‌ಡೆಮ್-ಎಕ್ಸ್ 2010ರಲ್ಲಿ ತನ್ನ ಅವಳಿ ಟೆರ್ರಾಸಾರ್-ಎಕ್ಸ್ ಪಕ್ಕಕ್ಕೆ ಹೋಗಿ ಸೇರಿಕೊಂಡದ್ದು ಇದಕ್ಕೇ.

ಈ ಕೆಲಸಕ್ಕೆ ಬೇಕಾದದ್ದು ಪಕ್ಕದ ಅಂತರ. ಕಡಿಮೆಯಾದರೆ ಎತ್ತರ ಸೂಕ್ಷ್ಮವಾಗಿ ಸಿಗುವುದಿಲ್ಲ. ಅತಿಯಾದರೆ ಚಿತ್ರಗಳು ಹೊಂದುವುದಿಲ್ಲ. ನಾವು 300 ಮೀಟರ್ ಅಂತ ಇಟ್ಟುಕೊಳ್ಳೋಣ. ಕಾಗದದ ಮೇಲೆ ಬರೆಯಿರಿ: "ಮಂಡ್ಯದ ಮೇಲೆ ಪಕ್ಕದ ಅಂತರ ಸುಮಾರು 300 ಮೀ. ಯಾವಾಗಲೂ 150 ಮೀ.ಗಿಂತ ಹತ್ತಿರ ಬರಬಾರದು."

ಹಂತ 2: ತಾಯಿ ಕಕ್ಷೆ

ಮೊದಲ ಉಪಗ್ರಹವನ್ನು ಅಕ್ಕ ಅಂತಲೂ ಎರಡನೆಯದನ್ನು ತಂಗಿ ಅಂತಲೂ ಕರೆಯೋಣ. ಅಕ್ಕನಿಗೆ 500 ಕಿ.ಮೀ. ಎತ್ತರದ ಗುಂಡನೆಯ ಕಕ್ಷೆ.

ಭೂಮಿಯ ತ್ರಿಜ್ಯ 6,378 ಕಿ.ಮೀ. ಕೂಡಿಸಿದರೆ ಕಕ್ಷೆಯ ತ್ರಿಜ್ಯ 6,878 ಕಿ.ಮೀ. ಇದನ್ನು ಘನ ಮಾಡಿ, ಭೂಮಿಯ ಸೆಳೆತದ ಸ್ಥಿರಾಂಕವಾದ 3,98,600ರಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈನಿಂದ ಗುಣಿಸಿ. 5,677 ಸೆಕೆಂಡ್ ಬರಬೇಕು. ಅಂದರೆ ಒಂದು ಸುತ್ತಿಗೆ 94.6 ನಿಮಿಷ, ದಿನಕ್ಕೆ 15 ಸುತ್ತು ದಾಟುತ್ತದೆ. ವೇಗ ಸೆಕೆಂಡಿಗೆ 7.61 ಕಿ.ಮೀ. ಮೈಸೂರಿನಿಂದ ಮಂಡ್ಯಕ್ಕೆ ಐದಾರು ಸೆಕೆಂಡ್.

ಇನ್ನೊಂದು ಸಂಖ್ಯೆ ಬರೆದಿಡಿ, ಮುಂದೆ ಪದೇ ಪದೇ ಬೇಕು: ಎರಡು ಪೈ ಭಾಗಿಸು 5,677, ಅಂದರೆ 0.001107. ಇದು ಸೆಕೆಂಡಿಗೆ ಎಷ್ಟು ರೇಡಿಯನ್ ಸುತ್ತುತ್ತದೆ ಅನ್ನುವ ಲೆಕ್ಕ. ಇದಕ್ಕೆ ಸುತ್ತುದರ ಅಂತ ಹೆಸರಿಡೋಣ.

ಸಮಭಾಜಕಕ್ಕೆ ಹೋಲಿಸಿದರೆ ಕಕ್ಷೆಯ ಓರೆ 97.4 ಡಿಗ್ರಿ. ಈ ವಿಚಿತ್ರ ಸಂಖ್ಯೆಗೆ ಕಾರಣವಿದೆ. ಭೂಮಿ ಸರಿಯಾದ ಗುಂಡಲ್ಲ, ನಡು ಸ್ವಲ್ಪ ಉಬ್ಬಿದೆ. ಆ ಉಬ್ಬು ಕಕ್ಷೆಯ ಸಮತಲವನ್ನು ಮೆಲ್ಲಗೆ ತಿರುಗಿಸುತ್ತದೆ. ಈ ಎತ್ತರದಲ್ಲಿ ತಿರುಗುವ ದರ ದಿನಕ್ಕೆ 7.65 ಡಿಗ್ರಿ ಗುಣಿಸು ಓರೆಯ ಕಾಸ್. 97.4 ಹಾಕಿ ನೋಡಿ, ದಿನಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ಬರುತ್ತದೆ. ಭೂಮಿ ಸೂರ್ಯನ ಸುತ್ತ ಹೋಗುವುದೂ ದಿನಕ್ಕೆ ಅಷ್ಟೇ. ಹಾಗಾಗಿ ಉಪಗ್ರಹ ಯಾವಾಗ ಬಂದರೂ ನಮ್ಮೂರಿನ ಗಡಿಯಾರದಲ್ಲಿ ಅದೇ ಹೊತ್ತಾಗಿರುತ್ತದೆ. ಈ ಉಬ್ಬು ಇಲ್ಲಿ ನಮಗೆ ಉಪಕಾರ ಮಾಡಿತು. ಮುಂದೆ ಕಾಟವನ್ನೂ ಕೊಡುತ್ತದೆ.

ಹಂತ 3: ಸುತ್ತಿನ ಹೊತ್ತು ಒಂದೇ ಇರಲಿ

ಎಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವ ಇಬ್ಬರನ್ನು ನೆನೆಸಿಕೊಳ್ಳಿ. ಒಬ್ಬರು ಕೆಲವು ಕಡೆ ನೀರಿನ ಪಕ್ಕಕ್ಕೆ ಬರುತ್ತಾರೆ, ಕೆಲವು ಕಡೆ ದೂರ ಸರಿಯುತ್ತಾರೆ. ಇನ್ನೊಬ್ಬರು ನೇರ ಹೋಗುತ್ತಾರೆ. ಇಬ್ಬರಿಗೂ ಒಂದು ಸುತ್ತಿಗೆ ಒಂದೇ ಹೊತ್ತು ಹಿಡಿದರೆ ದಿನವೂ ಅದೇ ಕಲ್ಲುಬೆಂಚಿನ ಹತ್ತಿರ ಜೊತೆಯಾಗುತ್ತಾರೆ. ಒಬ್ಬರಿಗೆ ಅರ್ಧ ನಿಮಿಷ ಜಾಸ್ತಿ ಹಿಡಿದರೆ ಪ್ರತಿ ಸುತ್ತಿಗೂ ಹಿಂದೆ ಬೀಳುತ್ತಾ ಹೋಗುತ್ತಾರೆ, ಜೊತೆ ತಪ್ಪುತ್ತದೆ.

ಕಕ್ಷೆಯಲ್ಲಿ ಸುತ್ತಿನ ಹೊತ್ತನ್ನು ತೀರ್ಮಾನಿಸುವುದು ಅದರ ಸರಾಸರಿ ತ್ರಿಜ್ಯ ಒಂದೇ. ಅಕ್ಕನಿಗೂ ತಂಗಿಗೂ ಇದರಲ್ಲಿ ಒಂದು ಮೀಟರ್ ವ್ಯತ್ಯಾಸ ಇದ್ದರೆ ಸುತ್ತಿಗೆ 9.4 ಮೀಟರ್ ಸರಿಯುತ್ತಾರೆ. ದಿನಕ್ಕೆ 143 ಮೀಟರ್. ಸೂತ್ರ ಸುಲಭ: ವ್ಯತ್ಯಾಸ ಗುಣಿಸು ಮೂರು ಪೈ, ಅದೇ ಒಂದು ಸುತ್ತಿನ ಸರಿತ.

ಇನ್ನು ತಳ್ಳುವ ವಿಷಯ. ತಂಗಿ ಹಿಂದೆ ಉಳಿದಿದ್ದಾಳೆ, ಮುಂದೆ ತರಬೇಕು. ಏನು ಮಾಡಬೇಕು ಅಂತ ಕೇಳಿದೆ. ಹುಡುಗ ತಡಮಾಡದೆ ಹೇಳಿದ: "ಮುಂದಿರೋ ಗಾಡಿ ಹಿಡೀಬೇಕು ಅಂದ್ರೆ ಆಕ್ಸಿಲರೇಟರ್ ಕೊಡ್ಬೇಕು ಸಾರ್." ಮೈಸೂರು ರಸ್ತೆಯಲ್ಲಿ ಅದು ಸರಿ. ಕಕ್ಷೆಯಲ್ಲಿ ಉಲ್ಟಾ. ಮುಂದಕ್ಕೆ ತಳ್ಳಿದರೆ ಉಪಗ್ರಹ ಮೇಲಿನ ಕಕ್ಷೆಗೆ ಏರುತ್ತದೆ. ಮೇಲಿನ ಸುತ್ತು ದೊಡ್ಡದು, ಅಲ್ಲಿ ವೇಗವೂ ಕಡಿಮೆ. ಆದ್ದರಿಂದ ಮೊದಲು ಕೊಂಚ ಮುಂದೆ ಹೋದಂತೆ ಕಂಡು, ಆಮೇಲೆ ಹಿಂದೆ ಬೀಳುತ್ತಲೇ ಹೋಗುತ್ತದೆ. ಮುಂದೆ ಹೋಗಬೇಕಾದರೆ ಬ್ರೇಕ್ ಹಾಕಬೇಕು.

ಎಷ್ಟು ಹಿಂದೆ ಬೀಳುತ್ತದೆ? ತಳ್ಳಿದ ವೇಗ ಗುಣಿಸು ಹೊತ್ತು ಗುಣಿಸು ಮೂರು. ಸೆಕೆಂಡಿಗೆ ಬರೀ ಒಂದು ಸೆಂಟಿಮೀಟರ್ ತಳ್ಳಿ. ಇರುವೆ ನಡಿಗೆ ಅಂತ ಇಟ್ಟುಕೊಳ್ಳಿ. ಒಂದು ದಿನಕ್ಕೆ 86,400 ಸೆಕೆಂಡ್. ಗುಣಿಸಿದರೆ 2,592 ಮೀಟರ್. ಇರುವೆಯಷ್ಟು ತಳ್ಳಿದ್ದಕ್ಕೆ ಎರಡೂವರೆ ಕಿ.ಮೀ. ದೂರ! ಹುಡುಗ ಈ ಗುಣಾಕಾರವನ್ನು ಮೂರು ಸಲ ಮಾಡಿ ನೋಡಿದ. ನೀವೂ ಮಾಡಿ. ಇದು ಮೈಗೆ ಹತ್ತದೆ ಮುಂದಿನದು ಅರ್ಥವಾಗುವುದಿಲ್ಲ.

ಇದರಿಂದ ಒಂದು ಪಾಠ ಈಗಲೇ ತೆಗೆದುಕೊಳ್ಳಬೇಕು. ಹಿಂದೆ–ಮುಂದಿನ ಅಂತರವನ್ನು ನಂಬಿ ಕೂರಬಾರದು. ಅಳತೆಯಲ್ಲಿ ಚೂರು ತಪ್ಪಿದರೂ ಮೊದಲು ಕೆಡುವುದು ಅದೇ.

ಹಂತ 4: ದಾರ ಮತ್ತು ಸೀಮೆಸುಣ್ಣ

ಅಕ್ಕನ ಕಕ್ಷೆ ಗುಂಡಗಿದೆ. ತಂಗಿಯ ಕಕ್ಷೆಗೂ ಅದೇ ಸರಾಸರಿ ತ್ರಿಜ್ಯ, ಆದರೆ ಅದನ್ನು ಒಂದು ಕಡೆಗೆ 150 ಮೀಟರ್ ಸರಿಸಿಡೋಣ. ಪುಸ್ತಕದಲ್ಲಿ ಇದಕ್ಕೆ ಉತ್ಕೇಂದ್ರತೆ ಅನ್ನುತ್ತಾರೆ. ಆಗ ತಂಗಿ ಒಂದು ಸುತ್ತಿನಲ್ಲಿ ಅಕ್ಕನಿಗಿಂತ 150 ಮೀಟರ್ ಕೆಳಗೆ ಇಳಿಯುತ್ತಾಳೆ, 150 ಮೀಟರ್ ಮೇಲೆ ಏರುತ್ತಾಳೆ. ಕೆಳಗಿದ್ದಾಗ ಅವಳ ವೇಗ ಜಾಸ್ತಿ, ಮುಂದೆ ಹೋಗುತ್ತಾಳೆ. ಮೇಲಿದ್ದಾಗ ನಿಧಾನ, ಹಿಂದೆ ಬರುತ್ತಾಳೆ. ಅಕ್ಕನ ಮೇಲೆ ಕೂತು ನೋಡಿದರೆ ತಂಗಿ ನಮ್ಮ ಸುತ್ತ ಪ್ರದಕ್ಷಿಣೆ ಹಾಕಿದಂತೆ ಕಾಣುತ್ತದೆ.

ಆ ಪ್ರದಕ್ಷಿಣೆಯ ಆಕಾರ ಯಾವಾಗಲೂ ಒಂದೇ: ಮೇಲೆ–ಕೆಳಗೆ ಒಂದು ಪಾಲಾದರೆ ಹಿಂದೆ–ಮುಂದೆ ಎರಡು ಪಾಲು. ಎತ್ತರ ಬದಲಾಯಿಸಿದರೂ, ಉಪಗ್ರಹದ ತೂಕ ಬದಲಾಯಿಸಿದರೂ ಈ ಅನುಪಾತ ಬದಲಾಗುವುದಿಲ್ಲ. ಹಿಲ್ ಎಂಬವರು 1878ರಲ್ಲಿ ಚಂದ್ರನ ಚಲನೆಗೆ ಬರೆದ ಸಮೀಕರಣಗಳಲ್ಲಿ ಇದರ ಬೇರು ಇದೆ. ಕ್ಲೋಹೆಸಿ ಮತ್ತು ವಿಲ್ಟ್‌ಶೈರ್ 1960ರಲ್ಲಿ ಅವನ್ನೇ ಬಾಹ್ಯಾಕಾಶ ನೌಕೆಗಳ ಭೇಟಿಗೆ ಹೊಂದಿಸಿದರು. ಇವತ್ತಿಗೂ ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ.

ಇದನ್ನು ಜಗಲಿಯ ಮೇಲೆ ಬರೆದು ನೋಡಿ. 104 ಸೆಂ.ಮೀ. ದೂರದಲ್ಲಿ ಎರಡು ಮೊಳೆ ಇಡಿ. ಸಿಮೆಂಟಿಗೆ ಹೊಡೆಯಲು ಆಗದಿದ್ದರೆ ಇಬ್ಬರು ಬೆರಳಿಟ್ಟುಕೊಂಡರೂ ನಡೆಯುತ್ತದೆ. 120 ಸೆಂ.ಮೀ. ದಾರದ ಎರಡು ತುದಿಯನ್ನು ಎರಡು ಮೊಳೆಗೆ ಕಟ್ಟಿ. ಸೀಮೆಸುಣ್ಣದಿಂದ ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಸುತ್ತ ಎಳೆಯಿರಿ. 120 ಉದ್ದ, 60 ಅಗಲದ ಮೊಟ್ಟೆಯಾಕಾರ ಬರುತ್ತದೆ. ನಡುವಿನಲ್ಲಿ ಒಂದು ಚುಕ್ಕಿ ಇಡಿ. ಅದು ಅಕ್ಕ. ಗೆರೆಯ ಮೇಲೆ ಒಂದು ಹುಣಸೆ ಬೀಜ ಇಡಿ. ಅದು ತಂಗಿ. ಉದ್ದದ ಕಡೆ ಹಿಂದೆ–ಮುಂದೆ, ಅಗಲದ ಕಡೆ ಮೇಲೆ–ಕೆಳಗೆ. ನಮ್ಮ ಜೋಡಿಗೆ ಮೇಲೆ–ಕೆಳಗೆ 150, ಹಿಂದೆ–ಮುಂದೆ 300 ಮೀಟರ್. 94.6 ನಿಮಿಷಕ್ಕೆ ಬೀಜ ಒಂದು ಸುತ್ತು ಬರುತ್ತದೆ, ಒಂದು ತೊಟ್ಟು ಇಂಧನ ಇಲ್ಲದೆ. ಇದೇ ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದದ್ದು.

ಹಂತ 5: ಎರಡು ಬಳೆ

ಇಲ್ಲಿಯವರೆಗೆ ಎಲ್ಲವೂ ಒಂದೇ ಸಮತಲದಲ್ಲಿತ್ತು. ಪಕ್ಕದ ಅಂತರ ಬೇಕಲ್ವಾ? ಬಳೆ ತೆಗೆದುಕೊಳ್ಳಿ.

ಒಂದರ ಮೇಲೆ ಒಂದಿಟ್ಟು, ಮೇಲಿನದನ್ನು ಚೂರೇ ಚೂರು ಓರೆ ಮಾಡಿ. ಎರಡು ಸಮತಲಗಳು ಎದುರುಬದುರು ಎರಡು ಕಡೆ ಒಂದನ್ನೊಂದು ಕೂಡುತ್ತವೆ. ಅವುಗಳ ನಟ್ಟನಡುವೆ ಅಂತರ ಅತಿ ಜಾಸ್ತಿ. ಅಂದರೆ ಪಕ್ಕದ ಅಂತರ ಒಂದು ಸುತ್ತಿನಲ್ಲಿ ಎರಡು ಸಲ ಸೊನ್ನೆಯಾಗುತ್ತದೆ, ಎರಡು ಸಲ ತುಂಬುತ್ತದೆ. ಸದಾ 300 ಮೀಟರ್ ಪಕ್ಕದಲ್ಲೇ ಹಾರುವ ಕಕ್ಷೆ ಪುಕ್ಕಟೆ ಸಿಗುವುದಿಲ್ಲ. ಎರಡೂ ಕಕ್ಷೆ ಭೂಮಿಯ ಕೇಂದ್ರವನ್ನು ಸುತ್ತಲೇಬೇಕು.

ಕೂಡುವ ಜಾಗ ಎಲ್ಲಿರಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ. ಎರಡು ದಾರಿ ಇವೆ. ಕಕ್ಷೆಯ ಓರೆಯನ್ನೇ ಸ್ವಲ್ಪ ಬದಲಾಯಿಸಿದರೆ ಎರಡು ಬಳೆ ಸಮಭಾಜಕದ ಮೇಲೆ ಕೂಡುತ್ತವೆ. ಓರೆ ಒಂದೇ ಇಟ್ಟು, ಸಮಭಾಜಕ ದಾಟುವ ಬಿಂದುವನ್ನು ಪಕ್ಕಕ್ಕೆ ಸರಿಸಿದರೆ ಧ್ರುವಗಳ ಹತ್ತಿರ ಕೂಡುತ್ತವೆ, ಸಮಭಾಜಕದ ಮೇಲೆ ದೂರವಾಗುತ್ತವೆ. ಮಂಡ್ಯ 12.5 ಡಿಗ್ರಿ ಅಕ್ಷಾಂಶದಲ್ಲಿದೆ, ಸಮಭಾಜಕಕ್ಕೆ ಹತ್ತಿರ. ಹಾಗಾಗಿ ಎರಡನೆಯ ದಾರಿ ನಮಗೆ ಹೇಳಿ ಮಾಡಿಸಿದಂತಿದೆ. ಸಮಭಾಜಕದಲ್ಲಿ 300 ಮೀಟರ್ ಇಟ್ಟರೆ ಮಂಡ್ಯದ ಮೇಲೆ 293 ಮೀಟರ್ ಉಳಿಯುತ್ತದೆ. ಅದಕ್ಕೆ ದಾಟುವ ಬಿಂದುವನ್ನು ಸರಿಸಬೇಕಾದದ್ದು 0.0025 ಡಿಗ್ರಿ ಅಷ್ಟೇ.

ಮೊದಲ ದಾರಿಯನ್ನು ಬಿಡಲು ಇನ್ನೂ ದೊಡ್ಡ ಕಾರಣವಿದೆ. ನಾನು ಮೊದಮೊದಲು ಈ ಲೆಕ್ಕ ಕಲಿಯುವಾಗ ಓರೆಯಲ್ಲೇ ವ್ಯತ್ಯಾಸ ಇಟ್ಟಿದ್ದೆ. ಒಂದು ದಿನದ ಲೆಕ್ಕ ಚೆನ್ನಾಗಿ ಬಂತು. ತಿಂಗಳಿಗೆ ಓಡಿಸಿದಾಗ ಜೋಡಿ ಕಿ.ಮೀ. ದಾಟಿ ದೂರ ಹೋಗಿತ್ತು. ಎರಡು ದಿನ ಸೂತ್ರಗಳಲ್ಲಿ ತಪ್ಪು ಹುಡುಕಿದೆ. ಸೂತ್ರ ಸರಿಯಿತ್ತು. ಭೂಮಿಯ ಉಬ್ಬು ಸಮತಲವನ್ನು ತಿರುಗಿಸುತ್ತದೆ ಅಂದೆನಲ್ಲ, ಆ ದರ ಓರೆಯ ಮೇಲೆ ನಿಂತಿದೆ. ಓರೆ ಬೇರೆಯಾದರೆ ಎರಡು ಸಮತಲ ಬೇರೆ ಬೇರೆ ದರದಲ್ಲಿ ತಿರುಗುತ್ತವೆ. ಓರೆಯಿಂದ 300 ಮೀಟರ್ ಅಂತರ ಮಾಡಿದರೆ ದಿನಕ್ಕೆ 39 ಮೀಟರ್ ಬೇಡದ ಅಂತರ ಸೇರುತ್ತಾ ಹೋಗುತ್ತದೆ. ದಾಟುವ ಬಿಂದುವಿನಿಂದ ಮಾಡಿದರೆ ಸೇರುವುದೇ ಇಲ್ಲ.

ಸಮತಲ ತಿರುಗಿಸುವುದು ದುಬಾರಿ ಅನ್ನುವುದೂ ನೆನಪಿರಲಿ. ಒಂದೇ ಒಂದು ಡಿಗ್ರಿಗೆ, ವೇಗವನ್ನು ಸೆಕೆಂಡಿಗೆ 133 ಮೀಟರ್ ಬದಲಾಯಿಸುವಷ್ಟು ಇಂಧನ ಬೇಕು. ಆದ್ದರಿಂದ ಜೋಡಿಯನ್ನು ಒಂದೇ ರಾಕೆಟ್ಟಿನಲ್ಲಿ ಕಳಿಸಿ, ಒಂದೇ ಸಮತಲದಲ್ಲಿ ಇಳಿಸುವುದು ಜಾಣತನ.

ಹಂತ 6: ಮೊಟ್ಟೆ ಮತ್ತು ಬಳೆಯ ತಾಳ ಕೂಡಿಸುವುದು

ಈ ಹಂತದಲ್ಲಿ ನಿಧಾನ ಮಾಡಿ. ಜೋಡಿಯ ಜೀವ ಉಳಿಯುವುದು ಇಲ್ಲಿ.

ಧ್ರುವದ ಹತ್ತಿರ ಪಕ್ಕದ ಅಂತರ ಸೊನ್ನೆಯಾಗುತ್ತದೆ. ಆ ಹೊತ್ತಿಗೆ ಮೇಲೆ–ಕೆಳಗಿನ ಅಂತರ ತುಂಬಿರಬೇಕು. ಸಮಭಾಜಕದಲ್ಲಿ ಮೇಲೆ–ಕೆಳಗೆ ಸೊನ್ನೆಯಾಗುವಾಗ ಪಕ್ಕದ ಅಂತರ ತುಂಬಿರಬೇಕು. ಒಂದು ಖಾಲಿಯಾದಾಗ ಇನ್ನೊಂದು ಕೈಹಿಡಿಯಬೇಕು. ಹೀಗೆ ಹೊಂದಿಸಿದರೆ ತಂಗಿ ಅಕ್ಕನ ದಾರಿಯ ಸುತ್ತ ಬಳ್ಳಿಯಂತೆ ಸುತ್ತಿಕೊಂಡು ಹೋಗುತ್ತಾಳೆ. ಹಿಂದೆ–ಮುಂದಿನ ಲೆಕ್ಕ ಪೂರ್ತಿ ತಪ್ಪಿ, ತಂಗಿ ಅಕ್ಕನನ್ನು ದಾಟಿ ಹೋದರೂ ಡಿಕ್ಕಿಯಾಗುವುದಿಲ್ಲ, ಪಕ್ಕದಲ್ಲೋ ಮೇಲಲ್ಲೋ ಕನಿಷ್ಠ 150 ಮೀಟರ್ ಜಾಗ ಇದ್ದೇ ಇರುತ್ತದೆ. ಟ್ಯಾನ್‌ಡೆಮ್-ಎಕ್ಸ್ ಜೋಡಿ ಹಾರಿದ್ದು ಇದೇ ಬಳ್ಳಿ ಆಕಾರದಲ್ಲಿ.

ಇದಕ್ಕೆ ಉಲ್ಟಾ ಇನ್ನೊಂದು ಜೋಡಣೆ ಇದೆ. ಮೇಲೆ–ಕೆಳಗೆ ಮತ್ತು ಪಕ್ಕ ಎರಡೂ ಒಟ್ಟಿಗೆ ತುಂಬಿ ಒಟ್ಟಿಗೆ ಖಾಲಿಯಾಗುವಂತೆ ಇಟ್ಟರೆ, ಕೆಳಗಿನಿಂದ ನೋಡುವವರಿಗೆ ತಂಗಿ ಅಕ್ಕನ ಸುತ್ತ ಸರಿಯಾದ ವೃತ್ತ ಬರೆಯುವಂತೆ ಕಾಣುತ್ತದೆ. ನೋಡಲು ಬಹಳ ಚೆಂದ. ಪುಸ್ತಕಗಳಲ್ಲೂ ಈ ಚಿತ್ರ ಜಾಸ್ತಿ. ಆದರೆ ಸುತ್ತಿನಲ್ಲಿ ಎರಡು ಸಲ ಮೇಲೆ–ಕೆಳಗೂ ಸೊನ್ನೆ, ಪಕ್ಕವೂ ಸೊನ್ನೆ. ಆಗ ಇಬ್ಬರ ನಡುವೆ ಇರುವುದು ಹಿಂದೆ–ಮುಂದಿನ 300 ಮೀಟರ್ ಒಂದೇ. ಯಾವುದನ್ನು ನಂಬಬಾರದು ಅಂದೆವೋ ಅದೇ. ಕಲಿಯುವವರು ಮೊದಲ ಜೋಡಿಗೆ ಈ ವೃತ್ತವನ್ನು ಆರಿಸಬೇಡಿ ಅಂತ ನನ್ನ ಖಡಾಖಂಡಿತ ಸಲಹೆ.

ಹಂತ 7: ಸ್ಪ್ರೆಡ್‌ಶೀಟ್

ಮೊದಲ ಕಾಲಂನಲ್ಲಿ ಕೋನ: 0, 10, 20 ಹೀಗೆ 360ರವರೆಗೆ. ಸೊನ್ನೆ ಅಂದರೆ ಅಕ್ಕ ಸಮಭಾಜಕವನ್ನು ದಾಟಿ ಉತ್ತರಕ್ಕೆ ಹೊರಟ ಗಳಿಗೆ. 90 ಅಂದರೆ ಉತ್ತರ ಧ್ರುವದ ಹತ್ತಿರ. ಎರಡನೆಯ ಕಾಲಂನಲ್ಲಿ ಅದನ್ನು ರೇಡಿಯನ್‌ಗೆ ಬದಲಾಯಿಸಿ. ಶೀಟಿನ ಸೈನ್–ಕಾಸ್‌ಗೆ ಡಿಗ್ರಿ ತಿಳಿಯುವುದಿಲ್ಲ. ಇದನ್ನು ಮರೆತು ಅರ್ಧ ದಿನ ಕಳೆಯುವವರೇ ಜಾಸ್ತಿ.

ಮುಂದಿನ ಮೂರು ಕಾಲಂ ತಂಗಿಯ ಜಾಗ, ಮೀಟರ್‌ಗಳಲ್ಲಿ:
ಮೇಲೆ–ಕೆಳಗೆ = ಮೈನಸ್ 150 × ಸೈನ್
ಹಿಂದೆ–ಮುಂದೆ = ಮೈನಸ್ 300 × ಕಾಸ್
ಪಕ್ಕ = ಮೈನಸ್ 300 × ಕಾಸ್

ಆರನೆಯ ಕಾಲಂ ಪೂರ್ತಿ ದೂರ: ಮೂರರ ವರ್ಗ ಕೂಡಿಸಿ ವರ್ಗಮೂಲ. ಏಳನೆಯದು ಮುಖ್ಯ: ಹಿಂದೆ–ಮುಂದೆಯನ್ನು ಬಿಟ್ಟು, ಮೇಲೆ–ಕೆಳಗೆ ಮತ್ತು ಪಕ್ಕ ಇವೆರಡರ ವರ್ಗ ಮಾತ್ರ ಕೂಡಿಸಿ ವರ್ಗಮೂಲ. ಇದಕ್ಕೆ ಕಾಯುವ ಅಂತರ ಅನ್ನೋಣ.

ಸೊನ್ನೆ ಡಿಗ್ರಿಯಲ್ಲಿ ಪೂರ್ತಿ ದೂರ 424 ಮೀಟರ್, ಕಾಯುವ ಅಂತರ 300 ಬರಬೇಕು. 90ರಲ್ಲಿ ಎರಡೂ 150. ಮಂಡ್ಯದ ಮೇಲೆ ಕೋನ 12.6 ಡಿಗ್ರಿ. ಅದಕ್ಕೊಂದು ಸಾಲು ಸೇರಿಸಿ ನೋಡಿ: ತಂಗಿ 33 ಮೀಟರ್ ಕೆಳಗೆ, 293 ಹಿಂದೆ, 293 ಪಕ್ಕಕ್ಕೆ. ಏಳನೆಯ ಕಾಲಂ ಎಲ್ಲೂ 150ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಸೈನ್–ಕಾಸ್ ಅದಲುಬದಲಾಗಿದೆ.

ಈಗ ಬೇಕೆಂದೇ ಕೆಡಿಸಿ. ಮೇಲೆ–ಕೆಳಗಿನ ಸೈನ್ ಅನ್ನು ಕಾಸ್ ಮಾಡಿ, ಹಿಂದೆ–ಮುಂದಿನ ಕಾಸ್ ಅನ್ನು ಸೈನ್ ಮಾಡಿ ಅದರ ಮೈನಸ್ ತೆಗೆಯಿರಿ. ಅದೇ ಆ ಚೆಂದದ ವೃತ್ತ. 90 ಡಿಗ್ರಿಯ ಸಾಲಿನಲ್ಲಿ ಪೂರ್ತಿ ದೂರ 300 ಅಂತ ತೋರಿಸುತ್ತದೆ, ಕಾಯುವ ಅಂತರ ಸೊನ್ನೆ. ಹಂತ 6ರಲ್ಲಿ ನಾನು ಹೇಳಿದ್ದು ಆ ಒಂದು ಸೊನ್ನೆಯಲ್ಲಿದೆ.

ಹಂತ 8: ತಂಗಿಯನ್ನು ಅಲ್ಲಿಗೆ ಕರೆದೊಯ್ಯುವುದು

ಪಕ್ಕದ 300 ಮೀಟರಿಗೆ: 300 × 0.001107, ಅಂದರೆ ಸೆಕೆಂಡಿಗೆ 0.33 ಮೀಟರ್. ದಾರಿಗೆ ಅಡ್ಡವಾಗಿ, ಧ್ರುವದ ಹತ್ತಿರ ತಳ್ಳಬೇಕು. ಕಕ್ಷೆಗಳು ಎಲ್ಲಿ ಕೂಡಬೇಕೋ ಅಲ್ಲೇ ತಳ್ಳಬೇಕು. ಬಳೆ ಹಿಡಿದು ನೋಡಿದರೆ ಯಾಕೆಂದು ತಿಳಿಯುತ್ತದೆ.

ಮೊಟ್ಟೆಯಾಕಾರಕ್ಕೆ ದಾರಿಯುದ್ದಕ್ಕೆ ಎರಡು ಸಲ ತಳ್ಳಬೇಕು. ಅರ್ಧ ಸುತ್ತಿನ ಅಂತರದಲ್ಲಿ, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಪ್ರತಿಯೊಂದೂ 150 × 0.001107 ಭಾಗಿಸು 4, ಅಂದರೆ ಸೆಕೆಂಡಿಗೆ 4 ಸೆಂ.ಮೀ. ಚಿಲ್ಲರೆ. ಎರಡೂ ಸಮವಾಗಿದ್ದರೆ ಸರಾಸರಿ ತ್ರಿಜ್ಯ ಮೊದಲಿದ್ದಷ್ಟೇ ಆಗುತ್ತದೆ. ಹಂತ 3 ಮುರಿಯುವುದಿಲ್ಲ. ಆದರೆ ಆ ಅರ್ಧ ಸುತ್ತಿನ ಹೊತ್ತು ತಂಗಿಯ ಕಕ್ಷೆ 75 ಮೀಟರ್ ದೊಡ್ಡದಿರುತ್ತದೆ. ಅಷ್ಟರಲ್ಲಿ 350 ಮೀಟರಿನಷ್ಟು ಹಿಂದೆ ಬೀಳುತ್ತಾಳೆ. ಅದನ್ನು ಮೊದಲೇ ಲೆಕ್ಕ ಹಾಕಿ ಅಷ್ಟು ಮುಂದಿನಿಂದ ಶುರು ಮಾಡಿ.

ಮೊದಲು ಪಕ್ಕದ ಅಂತರ ಮಾಡಿಕೊಳ್ಳಿ, ಆಮೇಲೆ ಮೊಟ್ಟೆ, ಕೊನೆಗೆ ಹಿಂದೆ–ಮುಂದೆ ಹತ್ತಿರ ಬನ್ನಿ. ಮೆಟ್ಟಿಲು ಮೆಟ್ಟಿಲಾಗಿ ಬರಬೇಕು. ಇಸ್ರೋದ ಸ್ಪೇಡೆಕ್ಸ್ ಜೋಡಿಯ ಕೆಲಸ ಬೇರೆ, ಅದು ಒಂದಕ್ಕೊಂದು ಕೂಡಿಕೊಳ್ಳಬೇಕಿತ್ತು. ಆದರೂ ಹತ್ತಿರ ಬಂದ ಕ್ರಮ ನೋಡಿ: 5 ಕಿ.ಮೀ., ಒಂದೂವರೆ ಕಿ.ಮೀ., 500 ಮೀಟರ್, 225, 15, 3. ಒಂದೊಂದು ಕಡೆಯೂ ನಿಂತು, ಎಲ್ಲ ಸರಿಯಿದೆಯಾ ಅಂತ ನೋಡಿ ಮುಂದಿನ ಹೆಜ್ಜೆ. 2025ರ ಜನವರಿ 16ರಂದು ಅವು ಕೂಡಿದವು.

ಹಂತ 9: ದಿನದಿನದ ದುರಸ್ತಿ

ಭೂಮಿಯ ಉಬ್ಬು ಮೊಟ್ಟೆಯನ್ನೂ ಬಿಡುವುದಿಲ್ಲ. ನಮ್ಮ ಕಕ್ಷೆಯಲ್ಲಿ ಅದರ ತಾಳವನ್ನು ದಿನಕ್ಕೆ ಮೂರೂವರೆ ಡಿಗ್ರಿ ತಿರುಗಿಸುತ್ತದೆ. ಸುಮ್ನೆ ಬಿಟ್ಟರೆ 25–26 ದಿನಕ್ಕೆ 90 ಡಿಗ್ರಿ. ಅಂದರೆ ನಾವು ಹೊಂದಿಸಿದ ಬಳ್ಳಿ ತಿಂಗಳೊಳಗೆ ತಾನಾಗಿಯೇ ಆ ಅಪಾಯದ ವೃತ್ತವಾಗಿ ಕೂತಿರುತ್ತದೆ. ಹಂತ 7ರಲ್ಲಿ ಬೇಕೆಂದೇ ಕೆಡಿಸಿದ ಶೀಟ್ ನೆನಪಿದೆಯಲ್ಲ, ಅದೇ.

ತಡೆಯಲು ಖರ್ಚು ಕಡಿಮೆ. ದಿನಕ್ಕೆ 9 ಮೀಟರಿನಷ್ಟು ತಿದ್ದಬೇಕು. ಎರಡು ಪುಟ್ಟ ತಳ್ಳು, ಒಟ್ಟು ಸೆಕೆಂಡಿಗೆ 5 ಮಿಲಿಮೀಟರ್. ವರ್ಷದ್ದೆಲ್ಲ ಕೂಡಿಸಿದರೂ ಸೆಕೆಂಡಿಗೆ 2 ಮೀಟರ್ ಆಗುವುದಿಲ್ಲ. ಟ್ಯಾನ್‌ಡೆಮ್-ಎಕ್ಸ್‌ನಲ್ಲಿ ಇದಕ್ಕೆಂದೇ ನೈಟ್ರೋಜನ್ ಉಗುಳುವ ಸಣ್ಣ ಕೊಳವೆಗಳಿವೆ. ದೊಡ್ಡ ಮೊಟ್ಟೆಗೆ ದೊಡ್ಡ ಖರ್ಚು. ಆದ್ದರಿಂದ ಬೇಕಾದ್ದಕ್ಕಿಂತ ದೊಡ್ಡದು ಮಾಡಬೇಡಿ.

500 ಕಿ.ಮೀ.ನಲ್ಲೂ ತೆಳುವಾಗಿ ಗಾಳಿ ಇದೆ. ಅಕ್ಕ–ತಂಗಿ ಒಂದೇ ಆಕಾರ, ಒಂದೇ ತೂಕ, ಒಂದೇ ಭಂಗಿಯಲ್ಲಿದ್ದರೆ ಇಬ್ಬರೂ ಒಟ್ಟಿಗೆ ಇಳಿಯುತ್ತಾರೆ, ಜೊತೆ ಕೆಡುವುದಿಲ್ಲ. ಒಬ್ಬಳು ಸೌರಫಲಕವನ್ನು ಗಾಳಿಗೆ ಎದುರು ಮಾಡಿದರೆ ಕೆಡುತ್ತದೆ. ಪ್ಲಾನೆಟ್ ಕಂಪನಿಯ ಡವ್ ಉಪಗ್ರಹಗಳು ಇದನ್ನೇ ಉಪಾಯವಾಗಿ ಬಳಸಿಕೊಂಡವು. 2017ರ ಫೆಬ್ರವರಿ 15ರಂದು ಪಿಎಸ್‌ಎಲ್‌ವಿ ಒಂದೇ ಸಲಕ್ಕೆ 104 ಉಪಗ್ರಹ ಹಾರಿಸಿತಲ್ಲ, ಅದರಲ್ಲಿ 88 ಇವೇ. ಎಂಜಿನ್ ಇಲ್ಲದೆ, ಗಾಳಿಗೆ ಮೈಯೊಡ್ಡಿಯೋ ಮೈ ಓರೆ ಮಾಡಿಯೋ ಒಂದರಿಂದ ಒಂದು ದೂರ ಸರಿದು ಸಾಲಾಗುತ್ತವೆ. ದೊಡ್ಡ ಅಂತರಕ್ಕೆ ಅದು ಚೆನ್ನ. ನಮ್ಮಂಥ ನೂರು ಮೀಟರ್ ಲೆಕ್ಕಕ್ಕೆ ಸಾಲದು.

ಅಳತೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಇಬ್ಬರಲ್ಲೂ ಜಿಪಿಎಸ್ ರಿಸೀವರ್ ಇರಲಿ. ಒಬ್ಬೊಬ್ಬಳ ಜಾಗದಲ್ಲಿ ಮೀಟರ್‌ಗಟ್ಟಲೆ ತಪ್ಪಿರಬಹುದು. ಆದರೆ ಇಬ್ಬರೂ ಹತ್ತಿರ ಇರುವುದರಿಂದ ತಪ್ಪೂ ಹೆಚ್ಚುಕಡಿಮೆ ಒಂದೇ. ಕಳೆದರೆ ತಪ್ಪು ಕಳೆಯುತ್ತದೆ, ಸೆಂಟಿಮೀಟರ್ ಮಟ್ಟದ ನಿಜವಾದ ಅಂತರ ಉಳಿಯುತ್ತದೆ. ಪ್ರೋಬಾ-3ಕ್ಕೆ ಇದೂ ಸಾಲದು, ಅದು ಲೇಸರ್‌ನಿಂದ ಮಿಲಿಮೀಟರ್ ಹಿಡಿಯುತ್ತದೆ. ಅದೂ ಭೂಮಿಯಿಂದ 60,000 ಕಿ.ಮೀ. ದೂರದ ತುದಿಯಲ್ಲಿ, 19.7 ಗಂಟೆಯ ಸುತ್ತಿನಲ್ಲಿ ಸುಮಾರು ಆರು ಗಂಟೆ ಮಾತ್ರ. ಅಲ್ಲಿ ಭೂಮಿಯ ಸೆಳೆತ ಕಡಿಮೆ, ಹಿಡಿದಿಡಲು ಇಂಧನ ಕಡಿಮೆ ಸಾಕು.

ಹಂತ 10: ಎರಡರಿಂದ ಹಲವು

ಮೂರನೆಯವಳು ಬೇಕಾದರೆ ಹೊಸ ಲೆಕ್ಕ ಬೇಡ. ತಂಗಿಯ ಎಲ್ಲ ಸಂಖ್ಯೆಯನ್ನೂ ಎರಡರಿಂದ ಗುಣಿಸಿ: ಮೇಲೆ–ಕೆಳಗೆ 300, ಪಕ್ಕ 600. ನಾಲ್ಕನೆಯವಳಿಗೆ ತಂಗಿಯ ಸಂಖ್ಯೆಗಳನ್ನೇ ಚಿಹ್ನೆ ಬದಲಾಯಿಸಿ ಕೊಡಿ, ಅವಳು ಅಕ್ಕನ ಇನ್ನೊಂದು ಬದಿಗೆ ಬರುತ್ತಾಳೆ. ಯಾವ ಇಬ್ಬರನ್ನು ಕಳೆದರೂ ಅದೇ ತಾಳ ಉಳಿಯುತ್ತದೆ, ಕಾಯುವ ಅಂತರ 150ಕ್ಕೆ ಕೆಳಗೆ ಹೋಗುವುದಿಲ್ಲ. ಎಲ್ಲರ ಓರೆಯೂ ಒಂದೇ, ಹಾಗಾಗಿ ಹಂತ 5ರ ಕಾಟವೂ ಇಲ್ಲ.

ಮೊಟ್ಟೆಯ ಗೆರೆಯ ಮೇಲೆ 120 ಡಿಗ್ರಿಗೊಬ್ಬರಂತೆ ಮೂವರನ್ನು ಕೂರಿಸುವ ದಾರಿಯೂ ಇದೆ. ಆಗ ಕೆಲವರಿಗೆ ಓರೆಯಲ್ಲಿ ವ್ಯತ್ಯಾಸ ಬರುತ್ತದೆ, ದಿನಕ್ಕೆ 34 ಮೀಟರಿನಷ್ಟು ಬೇಡದ ಅಂತರ ಸೇರುತ್ತದೆ. ಇಂಧನ ಇದ್ದರೆ ಮಾಡಿ.

ಗೂಗಲ್ 2025ರ ನವೆಂಬರ್‌ನಲ್ಲಿ ಹೊರತಂದ ಒಂದು ಅಧ್ಯಯನದಲ್ಲಿ 650 ಕಿ.ಮೀ. ಎತ್ತರದಲ್ಲಿ, ಒಂದು ಕಿ.ಮೀ. ತ್ರಿಜ್ಯದೊಳಗೆ 81 ಉಪಗ್ರಹಗಳ ಗುಂಪಿನ ಲೆಕ್ಕ ಹಾಕಿದ್ದಾರೆ. ಕಂಪ್ಯೂಟರ್ ಕೇಂದ್ರವನ್ನೇ ಬಾಹ್ಯಾಕಾಶಕ್ಕೆ ಒಯ್ಯುವ ಯೋಚನೆ ಅದು. ಅಕ್ಕಪಕ್ಕದವುಗಳ ನಡುವೆ ನೂರಿನ್ನೂರು ಮೀಟರ್ ಅಷ್ಟೇ. 81 ಅಂದರೆ ಒಂಬತ್ತು ಸಾಲು ಒಂಬತ್ತು ಚುಕ್ಕಿ ರಂಗೋಲಿಯಷ್ಟು ಅಂತ ಅನ್ನಿಸಬಹುದು. ಕಾಯಬೇಕಾದ ಜೋಡಿಗಳು ಮಾತ್ರ 3,240. ಪ್ರತಿ ಜೋಡಿಗೂ ಏಳನೆಯ ಕಾಲಂ ಬೇಕು.

ನೀವು ನಾಲ್ಕರಿಂದ ಶುರು ಮಾಡಿ, ಆರು ಜೋಡಿ. ನಮ್ಮ ಹುಡುಗ ಈಗ ಒಂಬತ್ತಕ್ಕೆ ಬಂದಿದ್ದಾನೆ, 36 ಜೋಡಿ. ನಿನ್ನೆ ಸಂಜೆ ಶೀಟ್ ತೋರಿಸಿದ. 35 ಜೋಡಿ ಸರಿಯಿವೆ. ಐದನೆಯದಕ್ಕೂ ಎಂಟನೆಯದಕ್ಕೂ ನಡುವೆ, 90 ಡಿಗ್ರಿಯ ಸಾಲಿನಲ್ಲಿ, ಒಂದು ಸೊನ್ನೆ ಕೂತಿದೆ. ಎಲ್ಲಿ ಸೈನ್ ಕಾಸ್ ಆಗಿದೆ ಅಂತ ಹುಡುಕಿ ಸೋಮವಾರ ತರುತ್ತೇನೆ ಅಂದಿದ್ದಾನೆ.